ಕೆರೆ, ಊರು, ಬಡಾವಣೆ: ಶ್ರೀರಾಂಪುರದ ಸದ್ದಿಲ್ಲದ ಬದುಕು

ಮೈಸೂರಿನ ದಕ್ಷಿಣದ ಅಂಚಿನಲ್ಲಿ, ಮಾನಂದವಾಡಿ ರಸ್ತೆಗೂ ಲಿಂಗಾಂಬುಧಿ ಕೆರೆಗೂ ನಡುವೆ ಹರಡಿಕೊಂಡಿದೆ ಶ್ರೀರಾಂಪುರ. ಉತ್ತರಕ್ಕೆ ಕುವೆಂಪುನಗರ, ವಿವೇಕಾನಂದನಗರ, ಪೂರ್ವಕ್ಕೆ ಜೆ.ಪಿ. ನಗರ, ದಕ್ಷಿಣಕ್ಕೆ ಪರಸಯ್ಯನಹುಂಡಿ, ಕೊಪ್ಪಲೂರಿನ ಕಡೆಗೆ ಹೋಗುವ ದಾರಿ, ಆ ದಾರಿಯನ್ನು ಅಡ್ಡಹಾಯುವ ರಿಂಗ್ ರಸ್ತೆ. ಅರಮನೆಯಿಂದ ಇಲ್ಲಿಗೆ ಆರೇಳು ಕಿಲೋಮೀಟರ್ ಅಷ್ಟೆ. ಆದರೂ ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಇಲ್ಲಿನ ಒಳರಸ್ತೆಗಳಲ್ಲಿ ಕೇಳಿಸುವುದು ಕುಟ್ರುಹಕ್ಕಿಯ ಕೂಗು, ಯಾರದೋ ಮನೆಯ ಕುಕ್ಕರಿನ ಸೀಟಿ, ದೂರದಲ್ಲಿ ಕಟ್ಟುತ್ತಿರುವ ಮನೆಯೊಂದರ ಸುತ್ತಿಗೆಯ ಪೆಟ್ಟು, ಇಷ್ಟೇ. ನಗರದ ಎಲ್ಲ ಅನುಕೂಲ ಕೈಗೆಟಕುವಷ್ಟು ಹತ್ತಿರ, ನಗರದ ಗದ್ದಲ ಮಾತ್ರ ಒಂದಿಷ್ಟು ಆಚೆ: ಹೊರವಲಯದ ಹಳ್ಳಿಯಲ್ಲಿ ಮನೆ ಮಾಡುವವರು ಜಗತ್ತಿನ ಎಲ್ಲ ಕಡೆಯೂ ಹುಡುಕುವುದು ಇದನ್ನೇ. ಶ್ರೀರಾಂಪುರದಲ್ಲಿ ಅದು ಸಿಕ್ಕಿದ್ದು ಹೇಗೆ, ಯಾರಿಂದ ಉಳಿದಿದೆ, ಯಾವುದರಿಂದ ಅಲುಗಾಡುತ್ತಿದೆ ಎಂಬುದು ಮೈಸೂರಿನ ಸುತ್ತಲ ಹತ್ತಾರು ಹಳ್ಳಿಗಳ ಕಥೆಯೂ ಹೌದು.

ಶ್ರೀರಾಂಪುರ ಎಂದರೆ ಒಂದೇ ಜಾಗವಲ್ಲ. ಮೊದಲನೆಯದು ಹಳೆಯ ಊರು, ಕಂದಾಯ ದಾಖಲೆಗಳ ಭಾಷೆಯಲ್ಲಿ ಗ್ರಾಮಠಾಣ. ಇಲ್ಲಿ ಮನೆಗಳು ಒಂದಕ್ಕೊಂದು ಗೋಡೆ ತಾಗಿಸಿಕೊಂಡಿರುತ್ತವೆ. ಬೀದಿ ನೇರವಾಗಿರುವುದಿಲ್ಲ, ಮನೆಗಳ ನಡುವೆ ಉಳಿದ ಜಾಗವೇ ಬೀದಿ. ಹೆಂಚಿನ ಮಾಡು ಎಷ್ಟೋ ಕಡೆ ಆರ್‌ಸಿಸಿಗೆ ಜಾಗ ಬಿಟ್ಟುಕೊಟ್ಟಿದೆ, ಆದರೆ ಜಗಲಿ ಪೂರ್ತಿ ಹೋಗಿಲ್ಲ. ಎರಡನೆಯದು ನಗರಾಭಿವೃದ್ಧಿ ಪ್ರಾಧಿಕಾರ ರಚಿಸಿದ ಬಡಾವಣೆಗಳು. ಗೆರೆ ಎಳೆದಂಥ ಅಡ್ಡರಸ್ತೆ, ಮುಖ್ಯರಸ್ತೆ, 30 ಅಡಿಗೆ 40, 40 ಅಡಿಗೆ 60ರ ಸೈಟುಗಳು, ನಡುನಡುವೆ ಪಾರ್ಕು. ಮೂರನೆಯದು ಗೃಹ ನಿರ್ಮಾಣ ಸಹಕಾರ ಸಂಘಗಳೂ ಖಾಸಗಿಯವರೂ ಮಾಡಿದ ಬಡಾವಣೆಗಳು. ಎಸ್‌ಬಿಎಂ ಲೇಔಟ್ ಎಂಬ ಹೆಸರು ಈ ವರ್ಗದ ನೆನಪನ್ನು ಇಟ್ಟುಕೊಂಡಿದೆ: 1913ರಲ್ಲಿ ಶುರುವಾದ ಮೈಸೂರು ಬ್ಯಾಂಕು, ಅಂದರೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು (ಎಸ್‌ಬಿಎಂ), 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು, ಬ್ಯಾಂಕಿನ ಬೋರ್ಡು ಎಲ್ಲ ಕಡೆಯೂ ಇಳಿದ ಮೇಲೂ ಬಡಾವಣೆಯ ವಿಳಾಸದಲ್ಲಿ ಅದರ ಹೆಸರು ಉಳಿದಿದೆ. ಇವೆಲ್ಲದರ ಅಂಚಿನಲ್ಲಿ ನಾಲ್ಕನೆಯದೊಂದಿದೆ. ಅನುಮತಿಯ ಗೋಜಿಗೆ ಹೋಗದೆ ಹೊಲವನ್ನು ತುಂಡು ಮಾಡಿ ಮಾರಿದ ರೆವಿನ್ಯೂ ಸೈಟುಗಳು. ಒಂದೇ ಪಿನ್‌ಕೋಡಿನಲ್ಲಿ ಬದುಕುವ ಈ ನಾಲ್ಕು ಬಗೆಯ ನೆರೆಹೊರೆಗೆ ನೀರು, ಚರಂಡಿ, ಖಾತೆ, ಕಂದಾಯ ಎಲ್ಲವೂ ಬೇರೆಬೇರೆ.

ಯೋಜಿಸಿ ಬಡಾವಣೆ ಕಟ್ಟುವ ಕೆಲಸ ಮೈಸೂರಿಗೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ಲೇಗು ಊರನ್ನು ಖಾಲಿ ಮಾಡಿಸಿದ ಮೇಲೆ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪನೆಯಾಯಿತು. ಇಕ್ಕಟ್ಟಿನ ಓಣಿಗಳನ್ನು ಬಿಡಿಸಿ, ಗಾಳಿಬೆಳಕು ಬರುವಂತೆ ರಸ್ತೆ ಅಗಲಿಸಿ, ಕೋಟೆಯಾಚೆಗೆ ಹೊಸ ಕೇರಿಗಳನ್ನು ಕಟ್ಟಿದ್ದು ಈ ಮಂಡಳಿ. ಅದೇ 1903ರಲ್ಲಿ ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರಿನಲ್ಲಿ ಲೆಚ್‌ವರ್ತ್ ಎಂಬ ಮೊದಲ ಉದ್ಯಾನ ನಗರಕ್ಕೆ ನೆಲ ಕೊಂಡರು. ಎಬೆನೆಜರ್ ಹೊವಾರ್ಡ್ 1898ರಲ್ಲಿ ಪುಸ್ತಕವಾಗಿ ಮುಂದಿಟ್ಟಿದ್ದ ಆಲೋಚನೆ ಅದು: ಪಟ್ಟಣದ ಕೆಲಸಕಾರ್ಯ, ಹಳ್ಳಿಯ ಗಾಳಿ ಎರಡೂ ಒಂದೇ ಕಡೆ ಸಿಗಬೇಕು, ಸುತ್ತ ಬಯಲು ಉಳಿಯಬೇಕು. ಮೈಸೂರಿನ ಮಂಡಳಿ ಪ್ಲೇಗಿನ ಪೆಟ್ಟಿನಿಂದ ಹೊರಟಿತು, ಲೆಚ್‌ವರ್ತ್ ಒಂದು ಕನಸಿನಿಂದ. ತಲುಪಲು ಹೊರಟ ಜಾಗ ಮಾತ್ರ ಹೆಚ್ಚು ಬೇರೆಯಲ್ಲ.

ವಿಶ್ವಸ್ಥ ಮಂಡಳಿಯ ಜಾಗಕ್ಕೆ 1988ರಲ್ಲಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಜನರ ಬಾಯಲ್ಲಿ ಮುಡಾ, ಬಂತು. 2025ರಲ್ಲಿ ಅದು ಮೈಸೂರು ಅಭಿವೃದ್ಧಿ ಪ್ರಾಧಿಕಾರವಾಯಿತು. ನಗರ ದಕ್ಷಿಣಕ್ಕೆ ಬೆಳೆದದ್ದು ಹಂತಹಂತವಾಗಿ. ಕುವೆಂಪುನಗರ ತುಂಬಿದ ಮೇಲೆ ಅದರಾಚೆಯ ಹಳ್ಳಿಗಳ ಸರ್ವೆ ನಂಬರುಗಳು ನಕ್ಷೆಗೆ ಬಂದವು. ರಾಗಿ, ಹುರುಳಿ, ಅವರೆ ಬೆಳೆಯುತ್ತಿದ್ದ ಕೆಮ್ಮಣ್ಣಿನ ಹೊಲ ಭೂಸ್ವಾಧೀನವಾಯಿತು. ಕೆಲವರಿಗೆ ಪರಿಹಾರದ ಹಣ ಬಂತು, ಕೆಲವರಿಗೆ ನಿವೇಶನ, ಇನ್ನು ಕೆಲವರಿಗೆ ವರ್ಷಾನುಗಟ್ಟಲೆ ಕಚೇರಿ ಅಲೆದಾಟ. ಬಡಾವಣೆಯ ಚೆಂದವನ್ನು ಹೊಗಳುವಾಗ ಈ ಮಾತನ್ನು ಮರೆಯುವುದು ಸರಿಯಲ್ಲ. ಇವತ್ತು ಸಂಪಿಗೆ ಮರದ ನೆರಳಲ್ಲಿ ನಿಂತಿರುವ ಪ್ರತಿ ಕಾಂಪೌಂಡಿನ ಕೆಳಗೂ ಯಾರದೋ ಉತ್ತ ಸಾಲುಗಳಿದ್ದವು. ಆ ಕುಟುಂಬದವರು ಬಹಳ ದೂರವೇನೂ ಹೋಗಿಲ್ಲ. ಹಳೆಯ ಊರಿನಲ್ಲೇ ಇದ್ದಾರೆ. ಅವರ ಮಕ್ಕಳು ಅದೇ ಬಡಾವಣೆಗಳಲ್ಲಿ ಮೇಸ್ತ್ರಿಗಳು, ಎಲೆಕ್ಟ್ರಿಷಿಯನ್‌ಗಳು, ಅಂಗಡಿ ಮಾಲೀಕರು, ಆಟೊ ಓಡಿಸುವವರು, ಕಾಲೇಜಿನ ಉಪನ್ಯಾಸಕರು.

ಶ್ರೀರಾಂಪುರದ ಸದ್ದಿಲ್ಲದ ಬದುಕಿಗೆ ಎಲ್ಲಕ್ಕಿಂತ ದೊಡ್ಡ ಆಸರೆ ಅದರ ಪಶ್ಚಿಮಕ್ಕಿರುವ ಲಿಂಗಾಂಬುಧಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ಪತ್ನಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ 1828ರಲ್ಲಿ ಕಟ್ಟಿಸಿದ ಕೆರೆ ಇದು. ಜೊತೆಗೆ ಮಹಾಲಿಂಗೇಶ್ವರನ ದೇವಾಲಯವನ್ನೂ ಕಟ್ಟಿಸಿದರು. ಕೆರೆ ಕಟ್ಟಿಸುವುದು ಆಗ ಪುಣ್ಯದ ಕೆಲಸವಷ್ಟೇ ಆಗಿರಲಿಲ್ಲ. ಏರಿಯ ಕೆಳಗಿನ ಗದ್ದೆಗೆ ನೀರು, ದನಕರುಗಳಿಗೆ ಮಡು, ಸುತ್ತಲ ಬಾವಿಗಳಿಗೆ ಒರತೆ, ಎಲ್ಲವೂ ಅದರಿಂದಲೇ ಆಗಬೇಕಿತ್ತು. ಇನ್ನೂರು ಎಕರೆಗೂ ಮಿಕ್ಕಿದ ಈ ಅಂಗಳ ಈಗ ಅರಣ್ಯ ಇಲಾಖೆಯ ಉಸ್ತುವಾರಿಯಲ್ಲಿದೆ. ಕೆರೆಯ ಸುತ್ತ ನಡೆಯುವ ದಾರಿ, ಬೇಲಿ, ಗೇಟು ಇವೆ. ಬೆಳಿಗ್ಗೆ, ಸಂಜೆ ಜನರಿಗೆ ಪ್ರವೇಶವಿದೆ. ಪಕ್ಕದಲ್ಲೇ ತೋಟಗಾರಿಕೆ ಇಲಾಖೆ ಬೆಳೆಸಿದ ಸಸ್ಯೋದ್ಯಾನವಿದೆ.

ಚಳಿಗಾಲದ ಬೆಳಿಗ್ಗೆ ಕೆರೆಯ ಏರಿಯ ಮೇಲೆ ಹೋದರೆ ಈ ಊರಿನ ಅರ್ಧ ಜನರ ದಿನಚರಿ ಕಾಣಿಸುತ್ತದೆ. ಇನ್ನೂ ಸರಿಯಾಗಿ ಬೆಳಕು ಹರಿದಿರುವುದಿಲ್ಲ. ನೀರಿನ ಮೇಲೆ ಮಂಜು ಎದ್ದಿರುತ್ತದೆ. ಮಫ್ಲರು ಸುತ್ತಿಕೊಂಡ ಹಿರಿಯರು ಇಬ್ಬಿಬ್ಬರಾಗಿ ನಡೆಯುತ್ತ ಪಿಂಚಣಿ ಪರಿಷ್ಕರಣೆ, ಮೊಣಕಾಲು, ಮೊಮ್ಮಕ್ಕಳ ವೀಸಾ ಎಲ್ಲವನ್ನೂ ಮಾತಾಡುತ್ತಾರೆ. ಅತ್ತ ಜೊಂಡಿನ ಅಂಚಿನಲ್ಲಿ ನೇರಳೆ ಜಂಬುಕೋಳಿ ಉದ್ದನೆಯ ಕಾಲೆತ್ತಿ ಇಡುತ್ತ ಗೆಡ್ಡೆ ಕೀಳುತ್ತಿರುತ್ತದೆ. ಒಣಮರದ ಕೊಂಬೆಯ ಮೇಲೆ ನೀರುಕಾಗೆ ರೆಕ್ಕೆ ಬಿಡಿಸಿ ಒಣಗಲು ಕೂತಿರುತ್ತದೆ. ಹೆಜ್ಜಾರ್ಲೆಗಳು ನಾಲ್ಕೈದು ಸಾಲಾಗಿ ಬಂದು ನೀರಿಗಿಳಿಯುವಾಗ ಮಾತಾಡುತ್ತಿದ್ದವರು ಒಂದು ಗಳಿಗೆ ನಿಂತು ನೋಡುತ್ತಾರೆ. ದಿನಾ ನೋಡುವವರೂ ನಿಲ್ಲುತ್ತಾರೆ. ಮೈಸೂರಿನ ಹಕ್ಕಿ ವೀಕ್ಷಕರು ದಶಕಗಳಿಂದ ಚಳಿಗಾಲದಲ್ಲಿ ಜಿಲ್ಲೆಯ ಕೆರೆಗಳ ಹಕ್ಕಿ ಗಣತಿ ಮಾಡುತ್ತ ಬಂದಿದ್ದಾರೆ. ನಗರಕ್ಕೆ ಇಷ್ಟು ಹತ್ತಿರದ ಕೆರೆಯೊಂದು ಈ ಮಟ್ಟಿಗೆ ಹಕ್ಕಿಗಳನ್ನು ಸಾಕುತ್ತಿರುವುದು ಸಣ್ಣ ಸಂಗತಿಯಲ್ಲ.

ಕೆರೆಯ ಆರೋಗ್ಯ ಸದಾ ಹೀಗೇ ಇತ್ತೆಂದಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಅದರ ಅಂಗಳ ಬಿರುಕು ಬಿಟ್ಟದ್ದಿದೆ. ಬಡಾವಣೆಗಳ ಕೊಳಚೆ ರಾಜಕಾಲುವೆಯ ಮೂಲಕ ಒಳಸೇರಿ ನೀರು ಹಸಿರುಗಟ್ಟಿದ್ದೂ ಇದೆ. ಮೈಸೂರಿನ ವಾರ್ಷಿಕ ಮಳೆ ಸುಮಾರು 80 ಸೆಂಟಿಮೀಟರ್. ಹೊಲವಿದ್ದ ಕಾಲಕ್ಕೆ ಆ ಮಳೆ ಮಣ್ಣಿನಲ್ಲಿ ಇಂಗಿ, ಹಳ್ಳಗಳಲ್ಲಿ ಹರಿದು, ನಿಧಾನವಾಗಿ ಕೆರೆಗೆ ಬರುತ್ತಿತ್ತು. ಈಗ ತಾರಸಿ, ಕಾಂಕ್ರೀಟು, ಡಾಂಬರಿನ ಮೇಲೆ ಬಿದ್ದ ಮಳೆ ಅರ್ಧ ಗಂಟೆಯಲ್ಲಿ ಚರಂಡಿಗೆ ಬಂದು, ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಹೊತ್ತುಕೊಂಡು ಕೆರೆಗೆ ನುಗ್ಗುತ್ತದೆ. ಒಳಚರಂಡಿ ಒಂದೆಡೆ ಕಟ್ಟಿಕೊಂಡರೆ ಆ ಕೊಳಚೆಗೆ ಇರುವ ತಗ್ಗು ಕೆರೆಯೇ. ಹಾಗಾಗಿ ಕೆರೆ ಉಳಿಸುವ ಕೆಲಸದ ಬಹುಪಾಲು ಕೆರೆಯ ಬೇಲಿಯೊಳಗೆ ಇಲ್ಲ; ಸುತ್ತಲ ಬಡಾವಣೆಗಳ ಒಳಚರಂಡಿ ಕೊಳವೆಗಳಲ್ಲಿದೆ, ಮುಚ್ಚದೆ ಬಿಟ್ಟ ಕಾಲುವೆಗಳಲ್ಲಿದೆ. ಇಲ್ಲಿನ ನಿವಾಸಿಗಳು ಕೆರೆಗಾಗಿ ಅರ್ಜಿ ಹಿಡಿದು, ಪೊರಕೆ ಹಿಡಿದು ಬಂದದ್ದು ಎಷ್ಟೋ ಸಲ; ಆ ಒತ್ತಾಯ ಇರದಿದ್ದರೆ ಈ ಕೆರೆಯ ಗತಿ ಬೇರೆಯಾಗಿರುತ್ತಿತ್ತು.

ಕೆರೆ ಮಾಡುವ ಇನ್ನೊಂದು ಉಪಕಾರ ಕಣ್ಣಿಗೆ ಬೀಳುವುದಿಲ್ಲ. ಅಷ್ಟು ವಿಶಾಲ ಜಾಗದಲ್ಲಿ ಯಾರೂ ಮನೆ ಕಟ್ಟುವಂತಿಲ್ಲ, ಅದರ ನಡುವೆ ರಸ್ತೆ ಹಾಯಿಸುವಂತಿಲ್ಲ. ಹೀಗಾಗಿ ಶ್ರೀರಾಂಪುರದ ಪಶ್ಚಿಮದ ಅಂಚಿನ ರಸ್ತೆಗಳು ಎಲ್ಲಿಗೋ ಹಾದುಹೋಗುವ ರಸ್ತೆಗಳಾಗಿ ಬೆಳೆಯಲಿಲ್ಲ. ಅಲ್ಲಿ ಮನೆ ಇರುವವರು, ಅವರ ಮನೆಗೆ ಬರುವವರು ಬಿಟ್ಟರೆ ಬೇರೆಯವರ ವಾಹನಕ್ಕೆ ಅಲ್ಲಿ ಕೆಲಸವಿಲ್ಲ. ನಗರದ ಭಾರಿ ಓಡಾಟವನ್ನು ಒಂದು ಕಡೆ ಮಾನಂದವಾಡಿ ರಸ್ತೆ, ಇನ್ನೊಂದು ಕಡೆ ಸುಮಾರು 42 ಕಿಲೋಮೀಟರ್ ಉದ್ದದ ರಿಂಗ್ ರಸ್ತೆ ಹೊತ್ತುಕೊಂಡಿವೆ. ಎಚ್.ಡಿ. ಕೋಟೆಗೆ, ಅಲ್ಲಿಂದ ಕೇರಳದ ವಯನಾಡಿಗೆ ಹೋಗುವ ಬಸ್ಸು, ಲಾರಿಗಳೆಲ್ಲ ಮಾನಂದವಾಡಿ ರಸ್ತೆಯಲ್ಲೇ. ಆ ರಸ್ತೆಯಿಂದ ಒಳಕ್ಕೆ ಎರಡು ತಿರುವು ತಿರುಗಿದರೆ ಸದ್ದು ನಿಲ್ಲುತ್ತದೆ.

ಇಲ್ಲಿ ಕೆರೆ ಮಾಡಿದ ಕಾವಲನ್ನು ಇಂಗ್ಲೆಂಡಿನ ಪಟ್ಟಣದಂಚಿನ ಹಳ್ಳಿಗಳಲ್ಲಿ ಮಾಡಿದ್ದು ಬಹುಮಟ್ಟಿಗೆ ಕಾನೂನು. ಅಲ್ಲಿ 1947ರ ಪಟ್ಟಣ ಮತ್ತು ಗ್ರಾಮ ಯೋಜನಾ ಕಾಯ್ದೆ ಬಂದ ಮೇಲೆ, ನೆಲ ತನ್ನದೇ ಆದರೂ ಅದರ ಮೇಲೆ ಹೊಸದಾಗಿ ಕಟ್ಟಲು ಸ್ಥಳೀಯ ಸಂಸ್ಥೆಯ ಒಪ್ಪಿಗೆ ಬೇಕಾಯಿತು. ಲಂಡನ್ನಿನಂಥ ನಗರಗಳ ಸುತ್ತ ಹಸಿರು ಪಟ್ಟಿ ಉಳಿಯಿತು; ನಗರವೂ ಹಳ್ಳಿಯೂ ಬೆಳೆದು ಒಂದಕ್ಕೊಂದು ಅಂಟಿಕೊಳ್ಳದಂತೆ ಅದು ತಡೆಯಿತು. ಮೈಸೂರಿನಲ್ಲಿ ಅಂಥ ಪಟ್ಟಿಯ ಕೆಲಸವನ್ನು ಅಲ್ಲಲ್ಲಿ ಕೆರೆಗಳೂ ಚಾಮುಂಡಿ ಬೆಟ್ಟವೂ ಮಾಡುತ್ತಿವೆ. ಒಡೆಯರ ಕಾಲದ ಕೆರೆಯೊಂದು ಸುಮಾರು ಎರಡು ಶತಮಾನ ಕಳೆದ ಮೇಲೆ ನಗರ ಯೋಜನೆಯ ಗೆರೆಯಾಗಿ ನಿಂತಿರುವುದು ಶ್ರೀರಾಂಪುರದ ಅದೃಷ್ಟ. ಕೆರೆ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ದೂರ ಹುಡುಕಬೇಕಿಲ್ಲ. ರಿಂಗ್ ರಸ್ತೆಯ ಆಚೀಚೆ ಮರವಿಲ್ಲದ ಸೈಟುಗಳ ಸಾಲು ಕಣ್ಣಳತೆಯವರೆಗೂ ಹೋಗುತ್ತದೆ.

ಬಡಾವಣೆಯ ದಿನ ಶುರುವಾಗುವುದು ನಂದಿನಿ ಹಾಲಿನ ಕ್ರೇಟುಗಳ ಸದ್ದಿನಿಂದ. ಆಮೇಲೆ ಪೇಪರು, ಹೂವು, ಸೊಪ್ಪು. ಸೊಪ್ಪಿನವರು ತಳ್ಳುಗಾಡಿಯಲ್ಲೋ ಮೊಪೆಡ್ಡಿನ ಮೇಲೋ ದಂಟು, ಕೀರೆ, ಸಬ್ಬಸಿಗೆ, ಮೆಂತ್ಯದ ಕಟ್ಟುಗಳನ್ನು ಒದ್ದೆ ಗೋಣಿ ಹೊದಿಸಿ ತರುತ್ತಾರೆ. ಗೇಟಿನ ಬಳಿ ನಡೆಯುವ ಚೌಕಾಸಿಯೇ ಎಷ್ಟೋ ಮನೆಗಳಲ್ಲಿ ಆ ದಿನದ ಮೊದಲ ಮಾತುಕತೆ. “ಏನಮ್ಮಾ, ಎರಡು ದಿನದಿಂದ ಕಾಣ್ಲಿಲ್ಲ, ಮೈಗೆ ಹುಷಾರಿಲ್ವಾ?” ಎಂದು ಸೊಪ್ಪಿನವರು ಕೇಳುವುದು, “ಮಗಳ ಮನೆಗೆ ಹೋಗಿದ್ದೆ ಕಣಪ್ಪ” ಎಂದು ಒಳಗಿನವರು ಹೇಳುವುದು ವ್ಯಾಪಾರದ ಭಾಗವೇ. ಕಸದ ಗಾಡಿ ಹಾಡು ಹಾಕಿಕೊಂಡು ಬಂದಾಗ ಹಸಿ ಕಸ, ಒಣ ಕಸದ ಬಕೆಟ್ಟುಗಳ ಜೊತೆ ಬೀದಿಯವರೆಲ್ಲ ಒಮ್ಮೆಗೇ ಹೊರಬರುತ್ತಾರೆ. ಒಂಬತ್ತರ ಹೊತ್ತಿಗೆ ಶಾಲೆಯ ವ್ಯಾನುಗಳು ಹೋದ ಮೇಲೆ ಬೀದಿ ಮತ್ತೆ ಖಾಲಿ. ಸಂಜೆ ಐದರ ಮೇಲೆ ಪಾರ್ಕಿನ ಬೆಂಚು, ದೇವಸ್ಥಾನ, ಚಾಟ್ಸ್ ಗಾಡಿ, ಕ್ರಿಕೆಟ್ ಆಡುವ ಹುಡುಗರು. ರಾತ್ರಿ ಒಂಬತ್ತೂವರೆಗೆ ದೀಪಗಳು ಆರತೊಡಗುತ್ತವೆ.

ಇಲ್ಲಿ ನೆಲೆಸಿದವರಲ್ಲಿ ನಿವೃತ್ತರ ಪಾಲು ದೊಡ್ಡದು. ಬ್ಯಾಂಕು, ವಿಮೆ, ವಿಶ್ವವಿದ್ಯಾನಿಲಯ, ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಅಶೋಕಪುರಂನ ರೈಲ್ವೆ ಕಾರ್ಯಾಗಾರ, ಸರ್ಕಾರಿ ಶಾಲೆ, ಇಂಥ ಕಡೆ ಜೀವಮಾನ ದುಡಿದು ಸಾಲ ಮಾಡಿ ಸೈಟು ಕೊಂಡವರು. ಮೈಸೂರನ್ನು ಪಿಂಚಣಿದಾರರ ಸ್ವರ್ಗ ಎಂದು ಕರೆಯುವ ರೂಢಿ ಹಳೆಯದು. ಸುಮಾರು 770 ಮೀಟರ್ ಎತ್ತರದ ಊರಿನ ಹಿತವಾದ ಹವೆಗೂ ಅದರಲ್ಲಿ ಪಾಲಿದೆ. ಮಹಡಿ ಮನೆ ಕಟ್ಟಿದ್ದು ಮಕ್ಕಳಿಗಾಗಿ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದಾರೆ. ಕೆಳಗೆ ಇಬ್ಬರೇ ಹಿರಿಯರು, ಮೇಲೆ ಬಾಡಿಗೆಗೆ ಒಂದು ಸಂಸಾರ. ಶಾಂತವಾದ ಬೀದಿಯಲ್ಲಿ ಒಂಟಿತನಕ್ಕೂ ಜಾಗವಿದೆ. ಹಗಲು ಹೊತ್ತು ಗೇಟಿಗೆ ಬೀಗ ಹಾಕಿ ಒಳಗಿರುವುದು, ಅಪರಿಚಿತರು ಗೇಟು ತಟ್ಟಿದರೆ ಗ್ರಿಲ್ಲಿನ ಹಿಂದೆ ನಿಂತೇ ಮಾತಾಡುವುದು, ಸರಗಳ್ಳರ ಭಯಕ್ಕೆ ಸೆರಗು ಹೊದ್ದು ವಾಕಿಂಗಿಗೆ ಹೋಗುವುದು ಇಲ್ಲಿನ ಹಿರಿಯ ಹೆಂಗಸರ ದಿನಚರಿಯಲ್ಲಿ ಸೇರಿಹೋಗಿವೆ. ಅಸ್ವಸ್ಥರಾದಾಗ ಮೊದಲು ಓಡಿಬರುವವರು ಮಕ್ಕಳಲ್ಲ. ಎದುರು ಮನೆಯವರು, ಮೇಲಿನ ಬಾಡಿಗೆಯವರು, ಕೆಲಸಕ್ಕೆ ಬರುವ ಹೆಂಗಸು.

ಆ ಹೆಂಗಸು ಬರುವುದು ಹಳೆಯ ಊರಿನಿಂದ, ಇಲ್ಲವೇ ರಿಂಗ್ ರಸ್ತೆಯಾಚೆಯ ಹಳ್ಳಿಯಿಂದ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಮೂರು ನಾಲ್ಕು ಮನೆಯ ಕೆಲಸ ಹಿಡಿದವರಿಗೆ ತಿಂಗಳಿಗೆ ಉಳಿಯುವ ಆ ಹಣ ಚಿಲ್ಲರೆಯಲ್ಲ. ಬಡಾವಣೆ ಹಾಗೂ ಊರು ಒಂದನ್ನೊಂದು ಬಿಟ್ಟಿರಲಾರವು. ಮನೆ ಕಟ್ಟುವ ಕೈ, ಮೋಟಾರು ರಿಪೇರಿ, ತೆಂಗಿನ ಮರ ಹತ್ತುವವರು, ಹಿಟ್ಟಿನ ಮಿಲ್ಲು, ಇಸ್ತ್ರಿ ಅಂಗಡಿ, ಮನೆಗೇ ತಂದುಕೊಡುವ ಕರೆದ ಹಾಲು ಎಲ್ಲವೂ ಊರಿನದು. ಬಡಾವಣೆಯ ಸಂಬಳ, ಬಾಡಿಗೆ, ಪಿಂಚಣಿಯ ಹಣ ಊರಿನ ಅಂಗಡಿಗಳಲ್ಲಿ ಹರಿಯುತ್ತದೆ. ಆದರೂ ಹೊಸಬರು ಎಷ್ಟೋ ವರ್ಷ ಊರಿನ ಬೀದಿಗೆ ಕಾಲಿಡದೆ ಇರುವುದುಂಟು. ಇದು ಶ್ರೀರಾಂಪುರದಂಥ ಕಡೆಗಳ ನಿಜವಾದ ಕೊರತೆ, ನೀರು ಚರಂಡಿಯ ಕೊರತೆಗಿಂತ ಸಣ್ಣದೇನಲ್ಲ.

ಈ ಅಂತರ ಕಡಿಮೆಯಾಗುವುದು ಹಬ್ಬಗಳಲ್ಲಿ. ಸಂಕ್ರಾಂತಿಯ ದಿನ ಮೈಸೂರು ಸುತ್ತಿನ ಹಳ್ಳಿಗಳಲ್ಲಿ ದನ ಉಳಿಸಿಕೊಂಡ ಮನೆಯವರು ಬೆಳಿಗ್ಗೆಯೇ ಮೈ ತೊಳೆಸಿ, ಅರಿಸಿನ ಬಳಿದು, ಕೊಂಬಿಗೆ ಬಣ್ಣ ಹಚ್ಚಿ, ಟೇಪು, ಬಲೂನು, ಚೆಂಡುಹೂವಿನ ಹಾರ ಕಟ್ಟುತ್ತಾರೆ. ಹೊತ್ತು ಮುಳುಗಿದ ಮೇಲೆ ರಸ್ತೆಗೆ ಅಡ್ಡಲಾಗಿ ಹುಲ್ಲು ಹರವಿ ಬೆಂಕಿ ಕೊಡುತ್ತಾರೆ. ಜ್ವಾಲೆ ಎದ್ದದ್ದೇ ಹುಡುಗರು ಹಗ್ಗ ಹಿಡಿದು ಎತ್ತಿನ ಜೊತೆಯಲ್ಲೇ ಓಡಿಬಂದು ಕಿಚ್ಚು ಹಾಯುತ್ತಾರೆ. ಎಳ್ಳುಬೆಲ್ಲದ ತಟ್ಟೆ ಹಿಡಿದು ಮನೆಮನೆಗೆ ಹೊರಟ ಬಡಾವಣೆಯ ಹೆಣ್ಣುಮಕ್ಕಳು ಅಲ್ಲೇ ನಿಂತು ನೋಡುತ್ತಾರೆ. ದನವನ್ನು ಅಷ್ಟು ಹತ್ತಿರದಿಂದ ನೋಡಿರದ ಮಕ್ಕಳು ಅಪ್ಪನ ಹೆಗಲೇರುತ್ತಾರೆ. ವರ್ಷದಿಂದ ವರ್ಷಕ್ಕೆ ದನ ಕಡಿಮೆಯಾಗುತ್ತಿವೆ, ಮೊಬೈಲುಗಳು ಹೆಚ್ಚುತ್ತಿವೆ. ನವರಾತ್ರಿಯಲ್ಲಿ ಇದರ ತಿರುಗುಮುರುಗು: ಬಡಾವಣೆಯ ಮನೆಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬೊಂಬೆ ಕೂರಿಸುತ್ತಾರೆ, ಊರಿನ ಮಕ್ಕಳು ಗುಂಪಾಗಿ ಬಂದು ಬೊಂಬೆ ನೋಡಿ ಚರ್ಪಿನ ತಿಂಡಿ ಇಸಿದುಕೊಂಡು ಹೋಗುತ್ತಾರೆ.

ಇನ್ನು ನೀರು. ಮೈಸೂರು ನಗರಕ್ಕೆ ಕುಡಿಯುವ ನೀರು ಬರುವುದು ಕಾವೇರಿ, ಕಬಿನಿ ಎರಡೂ ನದಿಗಳಿಂದ. ಹಳೆಯ ಬಡಾವಣೆಗಳಿಗೆ ಕೊಳವೆ ಮೊದಲೇ ಬಂದಿದೆ. ಅಂಚಿನ ಬಡಾವಣೆಗಳು ಹೆಚ್ಚಾಗಿ ನಂಬಿಕೊಂಡದ್ದು ಕೊಳವೆಬಾವಿಯನ್ನು, ಅದು ಸಾಲದಾಗ ಟ್ಯಾಂಕರನ್ನು. ಕೊಳವೆಬಾವಿಯ ನೀರು ಗಡಸು. ಬೇಳೆ ಬೇಯುವುದಿಲ್ಲ, ಸಾಬೂನು ನೊರೆಯಾಗುವುದಿಲ್ಲ, ನಲ್ಲಿಯ ಬಾಯಲ್ಲಿ ಬಿಳಿ ಚಕ್ಕೆ ಕಟ್ಟುತ್ತದೆ, ತಾರಸಿಯ ಸೋಲಾರ್ ಹೀಟರಿನ ಕೊಳವೆ ಕೆಲವೇ ವರ್ಷಕ್ಕೆ ಕಟ್ಟಿಕೊಳ್ಳುತ್ತದೆ. ಆದ್ದರಿಂದ ನದಿ ನೀರು ಬರುವ ದಿನ ಮನೆಯವರಿಗೆ ಕಾವಲಿನ ದಿನ. ಬೆಳಗಿನ ಜಾವ ಎದ್ದು ಸಂಪಿನ ಮುಚ್ಚಳ ಸರಿಸಿ, ಟಾರ್ಚು ಬಿಟ್ಟು ನೋಡಿ, ಗಾಳಿ ಉಗುಳುತ್ತಿದ್ದ ಕೊಳವೆಯಿಂದ ನೀರು ಬಿದ್ದ ಸದ್ದು ಕೇಳಿದ ಮೇಲೆ ಮತ್ತೆ ಮಲಗುವುದು. ಸಂಪು ತುಂಬಿದ ಮೇಲೆ ಮೋಟಾರು ಹಾಕಿ ಮೇಲಿನ ಟ್ಯಾಂಕಿಗೆ ಏರಿಸುವುದು. ಕೃಷ್ಣರಾಜಸಾಗರದ ಹಿನ್ನೀರಿನಿಂದ ನೀರೆತ್ತುವ ಹಳೇ ಉಂಡುವಾಡಿ ಯೋಜನೆಯ ಕಡೆಗೆ ನಗರದ ಹೊರವಲಯ ಇಡೀ ಕಣ್ಣಿಟ್ಟು ಕೂತಿರುವುದು ಇದೇ ಕಾರಣಕ್ಕೆ.

ಕಟ್ಟದೆ ಬಿಟ್ಟ ಸೈಟುಗಳು ಮತ್ತೊಂದು ತಲೆನೋವು. ಕೊಂಡವರು ಬೆಂಗಳೂರಿನಲ್ಲೋ ವಿದೇಶದಲ್ಲೋ ಇರುತ್ತಾರೆ. ಮಳೆ ಬಿದ್ದ ಮೇಲೆ ಕಾಂಗ್ರೆಸ್ ಗಿಡ ಎದೆಮಟ್ಟ ಬೆಳೆಯುತ್ತದೆ. ರಾತ್ರೋರಾತ್ರಿ ಕಟ್ಟಡದ ಒಡಕು ಬಂದು ಬೀಳುತ್ತದೆ. ಇಲಿ ಬರುತ್ತದೆ, ಇಲಿಯ ಹಿಂದೆ ಕೇರೆಹಾವು, ನಾಗರಹಾವು ಬರುತ್ತವೆ. ಹಾವು ಹಿಡಿಯುವವರ ನಂಬರು ಇಲ್ಲಿನ ಪ್ರತಿ ಬೀದಿಯ ವಾಟ್ಸಾಪ್ ಗುಂಪಿನಲ್ಲೂ ಇದೆ. ಹಾವನ್ನು ಹೊಡೆಯದೆ ಹಿಡಿಸಿ ಬಿಡಿಸುವ ರೂಢಿ ಮೈಸೂರಿನಲ್ಲಿ ಬೇರೂರಿರುವುದು ಮೆಚ್ಚತಕ್ಕದ್ದು. ಖಾಲಿ ಸೈಟನ್ನು ಪಕ್ಕದ ಮನೆಯವರೇ ಹಸನು ಮಾಡಿ ಬಾಳೆ, ನುಗ್ಗೆ, ಕರಿಬೇವು ಹಾಕಿಕೊಂಡ ನಿದರ್ಶನಗಳೂ ಬೇಕಾದಷ್ಟಿವೆ.

ಇಷ್ಟೆಲ್ಲವನ್ನೂ ನೋಡಿಕೊಳ್ಳಬೇಕಾದವರು ಯಾರು? ಶ್ರೀರಾಂಪುರದ ಮಟ್ಟಿಗೆ ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. 65 ವಾರ್ಡುಗಳ ಮೈಸೂರು ಮಹಾನಗರ ಪಾಲಿಕೆಯಲ್ಲಿ ಶ್ರೀರಾಂಪುರ ಹೆಸರಿನ ವಾರ್ಡ್ ಇದೆ. ಪಾಲಿಕೆಯ ಎಲ್ಲೆಯಾಚೆಗೆ ಅದೇ ಹೆಸರಿನ ಗ್ರಾಮ ಪಂಚಾಯಿತಿ ಇತ್ತು. 2020ರ ಕೊನೆಗೆ ಸರ್ಕಾರ ಹೂಟಗಳ್ಳಿಯನ್ನು ನಗರಸಭೆಯಾಗಿಯೂ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳಗಳನ್ನು ಪಟ್ಟಣ ಪಂಚಾಯಿತಿಗಳಾಗಿಯೂ ಮೇಲ್ದರ್ಜೆಗೆ ಏರಿಸಿತು. ಹಳ್ಳಿಯಿಂದ ಪಟ್ಟಣವಾಗಿ ಮಾರ್ಪಡುತ್ತಿರುವ ಪ್ರದೇಶಕ್ಕೆ ಇಂಥದೊಂದು ಸಂಸ್ಥೆ ಇರಬೇಕೆಂದು ಸಂವಿಧಾನದ 74ನೆಯ ತಿದ್ದುಪಡಿಯೇ ಹೇಳುತ್ತದೆ. ಕರ್ನಾಟಕದ ಪೌರಸಭೆಗಳ ಕಾಯ್ದೆಯ ಲೆಕ್ಕದಲ್ಲಿ ಪಟ್ಟಣ ಪಂಚಾಯಿತಿಗೆ 10 ಸಾವಿರದಿಂದ 20 ಸಾವಿರ ಜನ ಇರಬೇಕು, ದುಡಿಯುವವರಲ್ಲಿ ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಮಂದಿ ಬೇಸಾಯೇತರ ಕೆಲಸದಲ್ಲಿರಬೇಕು.

ಲೆಕ್ಕಕ್ಕೆ ಇದು ಸರಿ. ಬದುಕಿನ ಮಟ್ಟಿಗೆ ಇದರಿಂದ ಹೋದದ್ದೇನು ಎಂಬುದನ್ನೂ ನೋಡಬೇಕು. ಗ್ರಾಮ ಪಂಚಾಯಿತಿ ಇದ್ದಾಗ 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕಿತ್ತು. ಮತದಾರರು ಯಾರೇ ಆಗಲಿ ಎದ್ದು ನಿಂತು ಲೆಕ್ಕ ಕೇಳಬಹುದಿತ್ತು. ಊರಿನ ಬಡವರಿಗೆ ಉದ್ಯೋಗ ಖಾತರಿಯ ಕೆಲಸ ಸಿಗುತ್ತಿತ್ತು. ಪಟ್ಟಣ ಪಂಚಾಯಿತಿಯಾದ ದಿನ ಇವೆರಡೂ ನಿಂತವು. ಸಂವಿಧಾನ ಹೇಳುವ ವಾರ್ಡ್ ಸಮಿತಿ ಕಡ್ಡಾಯವಾಗುವುದು ಮೂರು ಲಕ್ಷ ಇಲ್ಲವೇ ಅದಕ್ಕಿಂತ ಹೆಚ್ಚು ಜನ ಇರುವ ನಗರಗಳಿಗೆ. ಹೀಗೆ ಹಳ್ಳಿಯ ಸಭೆಯೂ ಇಲ್ಲದ, ನಗರದ ಸಮಿತಿಯೂ ಇಲ್ಲದ ನಡುವಣ ಸ್ಥಿತಿ ಬಂತು. ಅದರ ಮೇಲೆ, ಹೊಸ ಪಟ್ಟಣ ಪಂಚಾಯಿತಿಗಳಿಗೆ ವರ್ಷಗಳ ಕಾಲ ಚುನಾವಣೆ ನಡೆಯದೆ, ಅಧಿಕಾರಿಗಳ ಆಡಳಿತದಲ್ಲೇ ಅವು ಮುಂದುವರಿದವು. ಬೀದಿ ದೀಪ ಕೆಟ್ಟರೆ ಮನೆ ಬಾಗಿಲಿಗೆ ಹೋಗಿ ಕೇಳಬಹುದಾದ ಸದಸ್ಯರೇ ಇಲ್ಲ ಎಂಬುದು ಇಲ್ಲಿನ ಹಿರಿಯರ ನ್ಯಾಯವಾದ ದೂರು.

ಇಂಗ್ಲೆಂಡಿನ ಹಳ್ಳಿಗಳಿಂದ ಕಲಿಯುವುದಾದರೆ ಕಲಿಯಬೇಕಾದದ್ದು ಈ ಸ್ಥಳೀಯ ಆಡಳಿತದ ವಿಷಯದಲ್ಲಿದೆ, ಅಲ್ಲಿನ ಹೂತೋಟ, ಇಟ್ಟಿಗೆ ಮನೆಗಳಲ್ಲಲ್ಲ. ಅಲ್ಲಿ 1894ರ ಕಾಯ್ದೆಯಿಂದ ಹುಟ್ಟಿದ ಪ್ಯಾರಿಷ್ ಕೌನ್ಸಿಲ್ಲುಗಳು, ಹಳ್ಳಿ ಪಟ್ಟಣದ ಮೇಲ್ವಿಚಾರಣೆಗೆ ಸೇರಿದ ಮೇಲೂ ಬಹಳ ಕಡೆ ಉಳಿದುಕೊಂಡಿವೆ. ಹಳ್ಳಿಯ ಬಯಲು, ಆಟದ ಮೈದಾನ, ಸ್ಮಶಾನ, ಕಾಲುದಾರಿ ಇಂಥ ಸಣ್ಣ ವಿಷಯಗಳ ಬಗ್ಗೆ ಊರಿನವರೇ ಆರಿಸಿದ ಕೆಲವರು ಕೂತು ಮಾತಾಡುತ್ತಾರೆ. ಹೊಸ ಕಟ್ಟಡದ ಅರ್ಜಿ ಬಂದಾಗ ಅವರ ಅಭಿಪ್ರಾಯ ಕೇಳುತ್ತಾರೆ. ದೊಡ್ಡ ಅಧಿಕಾರವೇನೂ ಅವಕ್ಕಿಲ್ಲ. ಆದರೆ ಊರಿಗೆ ತನ್ನದೇ ಒಂದು ಬಾಯಿ ಇರುತ್ತದೆ. ಕರ್ನಾಟಕದಲ್ಲಿ ಊರು ಬೆಳೆದಂತೆಲ್ಲ ಆ ಬಾಯಿ ಮುಚ್ಚಿಹೋಗುತ್ತದೆ. ಅದರ ಕೆಲಸವನ್ನು ಶ್ರೀರಾಂಪುರದಲ್ಲಿ ಈಗ ಮಾಡುತ್ತಿರುವುದು ಬಡಾವಣೆಗಳ ಕ್ಷೇಮಾಭಿವೃದ್ಧಿ ಸಂಘಗಳು. ಅವು ಪಾರ್ಕು ಕಾಯುತ್ತವೆ, ಗಿಡ ನೆಡುತ್ತವೆ, ಕಚೇರಿಗೆ ಅಲೆಯುತ್ತವೆ. ಆದರೆ ಹಳೆಯ ಊರಿನವರು, ಬಾಡಿಗೆಯವರು ಆ ಸಂಘಗಳಲ್ಲಿ ಅಪರೂಪ. ಕೆರೆಗೆ ಕೊಳಚೆ ಸೇರುವ ಪ್ರಶ್ನೆಯಾಗಲಿ, ಸ್ಮಶಾನದ ಜಾಗದ ಪ್ರಶ್ನೆಯಾಗಲಿ, ಎರಡೂ ಕಡೆಯವರು ಒಟ್ಟಿಗೆ ಕೂರದೆ ಬಗೆಹರಿಯುವಂಥದ್ದಲ್ಲ.

ಆಸ್ತಿಯ ಕಾಗದಪತ್ರದ ಗೋಜಲು ಬೇರೆ. ರೆವಿನ್ಯೂ ಸೈಟಿನಲ್ಲಿ ಮನೆ ಕಟ್ಟಿದವರಿಗೆ ಖಾತೆ ಇರಲಿಲ್ಲ. ಖಾತೆ ಇಲ್ಲದೆ ಸಾಲವಿಲ್ಲ, ಮಾರಲು ದಾರಿಯಿಲ್ಲ. ಅಂಥ ಆಸ್ತಿಗಳನ್ನು ದಾಖಲೆಗೆ ತರಲು ರಾಜ್ಯ ಸರ್ಕಾರ 2025ರಲ್ಲಿ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಬಿ ಖಾತೆ ಕೊಡುವ ಅಭಿಯಾನ ನಡೆಸಿತು. ಅಂಚಿನ ಬಡಾವಣೆಗಳಲ್ಲಿ ನೆಮ್ಮದಿಯ ನಿಟ್ಟುಸಿರು ಬಿಟ್ಟವರು ಬಹಳ ಮಂದಿ. ತೆರಿಗೆ ಕಟ್ಟಲು ಶುರುಮಾಡಿದ ಮೇಲೆ ನೀರು, ರಸ್ತೆ ಕೇಳುವ ದನಿಗೂ ಬಲ ಬರುತ್ತದೆ.

ಮುಂದಿನ ಹೆಜ್ಜೆ ಬೃಹತ್ ಮೈಸೂರು. ಹೂಟಗಳ್ಳಿ ನಗರಸಭೆಯನ್ನೂ ನಾಲ್ಕು ಪಟ್ಟಣ ಪಂಚಾಯಿತಿಗಳನ್ನೂ ಸುತ್ತಲ ಗ್ರಾಮಗಳನ್ನೂ ಪಾಲಿಕೆಯೊಂದಿಗೆ ಕೂಡಿಸುವ ಪ್ರಸ್ತಾವ 2025ರಲ್ಲಿ ಮುನ್ನೆಲೆಗೆ ಬಂತು. ಒಂದೇ ಆಡಳಿತ ಬಂದರೆ ಶ್ರೀರಾಂಪುರದ ಎರಡೂ ಪಾಲು ಒಂದು ಕಚೇರಿಯ ಕೆಳಗೆ ಬರುತ್ತವೆ. ಒಳಚರಂಡಿಯ ಜಾಲವನ್ನು ಎಲ್ಲೆಯ ಗೊಂದಲವಿಲ್ಲದೆ ಜೋಡಿಸಬಹುದು. ನದಿ ನೀರು ಅಂಚಿನ ಬೀದಿಗೂ ಬರಬಹುದು. ಕಂದಾಯ ಏರುತ್ತದೆ, ನೆಲದ ಬೆಲೆ ಏರುತ್ತದೆ, 30 ಅಡಿ ರಸ್ತೆಯಲ್ಲಿ ನಾಲ್ಕು ಮಹಡಿಯ ಅಪಾರ್ಟ್‌ಮೆಂಟು ಎದ್ದು ನಿಲ್ಲುವ ಒತ್ತಡವೂ ಏರುತ್ತದೆ. ಪಾಲಿಕೆಯಾದರೆ ವಾರ್ಡ್ ಸಮಿತಿ ಕಡ್ಡಾಯ. ಕೆರೆಯಂಚಿನ ವಾರ್ಡುಗಳಲ್ಲಿ ಅಂಥ ಸಮಿತಿ ಕಾಗದದ ಮೇಲಷ್ಟೇ ಉಳಿಯದೆ, ಹಳೆಯ ಊರಿನ ಇಬ್ಬರು, ಬಡಾವಣೆಯ ಇಬ್ಬರು, ಬಾಡಿಗೆಯವರ ಪರವಾಗಿ ಒಬ್ಬರು ತಿಂಗಳಿಗೊಮ್ಮೆ ಕೂತು ರಾಜಕಾಲುವೆಯ ಒತ್ತುವರಿ, ಒಳಚರಂಡಿಯ ಸೋರಿಕೆ, ಕಟ್ಟಡದ ಎತ್ತರ ಈ ಮೂರನ್ನು ನೋಡಿಕೊಂಡರೆ, ಕೆರೆಗೆ ಬರುವ ನೀರೂ ಬೀದಿಗೆ ಬರುವ ವಾಹನವೂ ಹತೋಟಿಯಲ್ಲಿರುತ್ತವೆ.